ಅಜ್ಜಂದಿರ ಗುಡ್ಡದ ಮೊಮ್ಮಕ್ಕಳು

ಮೆಕ್ಸಿಕೋ ನಗರ
8 ಏಪ್ರಿಲ್ 1997

ಅಕ್ಕ ಮೆಲಿ,

ಸುಖವಾಗಿ ತಲುಪಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವನು ತೆಹುವಾಕಾನಿನಿಂದ ಇಲ್ಲಿಯವರೆಗೂ ನನ್ನ ಭುಜದ ಮೇಲೆ ನಿದ್ದೆ ಹೊಡೆದ. ನೀನು ಕಟ್ಟಿಕೊಟ್ಟ ರೊಟ್ಟಿ, ಕಳ್ಳಿಮೊಗ್ಗಿನ ಪಲ್ಯ ಊರಿನ ಗಡಿ ದಾಟುವ ಮೊದಲೇ ಖಾಲಿ.

ಈಸ್ಟರಿನ ಪವಿತ್ರ ವಾರದ ರಜೆಯನ್ನೆಲ್ಲ ನಿನ್ನ ಅಡುಗೆಮನೆಯಲ್ಲಿ ಕೂರದೆ ಅಜ್ಜಂದಿರ ಗುಡ್ಡದ ಮೇಲೆ ಮೊಣಕಾಲೂರಿ ಕಳೆದೆ ಎಂದು ನಿನಗೆ ಸಿಟ್ಟಿದೆ. ಏನು ಹುಡುಕುತ್ತಿದ್ದೆ ಎಂದು ಆಗ ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ, ನಗಬೇಡ. ಮಕ್ಕಳನ್ನು ಹುಡುಕುತ್ತಿದ್ದೆ.

ಯೋಚಿಸಿ ನೋಡು. ಗುಡ್ಡದ ತುಂಬ ಬಿಸ್ನಾಗಾ ಕಳ್ಳಿಗಳು, ಒಂದೊಂದೂ ಹಂಡೆಯ ಗಾತ್ರ, ತಲೆಯ ಮೇಲೆ ಬೆಳ್ಳಗಿನ ಉಣ್ಣೆ. ಅದಕ್ಕೇ ಅಲ್ಲವೇ ಅವಕ್ಕೆ ಅಜ್ಜಂದಿರು ಎಂದು ಹೆಸರು. ಆದರೆ ಮುಷ್ಟಿಯಷ್ಟು ದಪ್ಪದ್ದು ಒಂದಿಲ್ಲ, ನಿಂಬೆಹಣ್ಣಿನಷ್ಟಿರುವುದೂ ಇಲ್ಲ. ವರ್ಷವರ್ಷವೂ ಹೂ ಬಿಡುತ್ತವೆ, ಜೇನು ಮುತ್ತುತ್ತದೆ, ಕಾಯಿ ಕಟ್ಟುತ್ತದೆ. ನಾನು ತಂದ ಬೀಜ ಇಲ್ಲಿ ನನ್ನ ಲ್ಯಾಬಿನಲ್ಲಿ ಚೆನ್ನಾಗಿ ಮೊಳೆಯುತ್ತದೆ. ಉಪ್ಪಿನ ಪಾತಿಗಳ ಆಚೆಯ ಗುಡ್ಡದಲ್ಲೂ ಮರಿಗಳಿವೆ, ಅಲ್ಲಿಯೂ ಹೋಗಿ ನೋಡಿದೆ. ನಮ್ಮ ಗುಡ್ಡದಲ್ಲಿ ಮಾತ್ರ ಇಲ್ಲ. ಹಾಗಾದರೆ ನಮ್ಮ ಬೀಜ ಎಲ್ಲಿಗೆ ಹೋಗುತ್ತಿದೆ?

ಯಾರೋ ತಿನ್ನುತ್ತಿದ್ದಾರೆ. ನನ್ನ ಮೊದಲ ಅನುಮಾನ ನಿನ್ನ ಆಡುಗಳ ಮೇಲೆ. ಬೇಜಾರು ಮಾಡಿಕೊಳ್ಳದೆ ಒಂದಷ್ಟು ದಿನ ಅವುಗಳ ಹಿಂದೆ ಹೋಗಿ ಏನು ಮೇಯುತ್ತವೆ ಎಂದು ನೋಡಿ ಬರೆಯುತ್ತೀಯಾ?

ನಿನ್ನ ತಂಗಿ
ಒಬ್ದೂಲಿಯಾ


ಸಾನ್ ಎಲಿಯಾಸ್
27 ಏಪ್ರಿಲ್ 1997

ಡಾಕ್ಟರಮ್ಮನವರೇ,

ನೆಗಡಿಗೆ ಮದ್ದು ಕೊಡಲು ಬರದ ಡಾಕ್ಟರು ನಮ್ಮ ವಂಶದಲ್ಲಿ ನೀನೊಬ್ಬಳೇ. ಆದರೂ ನಿನ್ನ ಮಾತಿಗೆ ಕಟ್ಟುಬಿದ್ದು ಆಡುಗಳ ಹಿಂದೆ ಅಲೆದೆ. ದೊನ್ಯಾ ಎಉಫ್ರೋಸಿನಾ ದಾರಿಯಲ್ಲಿ ಸಿಕ್ಕಳು.

"ಏನ್ ಮೆಲಿ, ಆಡಿನ ಬಾಯಿ ನೋಡ್ಕೊಂಡು ಕೂತಿದ್ದೀಯಲ್ಲ, ಹಲ್ಲು ಕೀಳ್ತೀಯಾ?"

"ತಂಗಿ ನೋಡು ಅಂದಿದ್ದಾಳೆ."

"ಅಷ್ಟು ವರ್ಷ ಓದ್ಸಿದ್ದು ಇದಕ್ಕೇನೇ? ಊರಲ್ಲೇ ಇದ್ದಿದ್ರೆ ಆಡಿನ ಬಾಯಿ ಅವಳೇ ನೋಡ್ತಿದ್ದಳು."

ನನ್ನ ಆಡುಗಳು ನಿರಪರಾಧಿಗಳು. ಸಿಕ್ಕಿದ್ದೆಲ್ಲ ತಿಂದವು, ನಿನ್ನ ಭಾವ ಎವೇಲಿಯೋನ ಟೋಪಿಯ ಅಂಚನ್ನೂ ಬಿಡಲಿಲ್ಲ. ಆದರೆ ಅಜ್ಜಂದಿರ ತಲೆಗೆ ಬಾಯಿ ಹಾಕಲಿಲ್ಲ. ಆ ಮುಳ್ಳಿನ ನಡುವೆ ಮೂತಿ ತೂರಿಸಲು ಅವಕ್ಕೇನು ಹುಚ್ಚೇ? ಕಾಯಿಯೆಲ್ಲ ಉಣ್ಣೆಯ ಒಳಗೆ ಹೂತುಕೊಂಡಿರುತ್ತದೆ. ಅಪರಾಧಿಯನ್ನು ಬೇರೆ ಕಡೆ ಹುಡುಕು.

ದೊಡ್ಡ ಸುದ್ದಿ ಎಂದರೆ ನಮ್ಮ ಮಗಳು ನೊಹೆಮಿಯ ಮದುವೆ ನಿಶ್ಚಯವಾಯಿತು. ಹುಡುಗ ಉಬಾಲ್ದೋ, ಉಪ್ಪಿನ ಪಾತಿಯ ಮನೆಯವನು. ಮಾತು ಕಡಿಮೆ, ಊಟ ಜಾಸ್ತಿ. ನವೆಂಬರಿನಲ್ಲಿ ಮದುವೆ, ತಪ್ಪಿಸುವ ಹಾಗಿಲ್ಲ. ನೀನು ಊರು ಬಿಡುವಾಗ ನಾನು ಮಾಡಿಕೊಟ್ಟ ದಿಂಬು ಹೇಗಿದೆ? ಇನ್ನೂ ಮಾತಾಡುತ್ತದೆಯೇ?

ಎವೇಲಿಯೋ ಕಲ್ಲು ಕೆತ್ತುವ ಕೆಲಸಕ್ಕೆ ಈಗ ಅಪರೂಪಕ್ಕೆ ಹೋಗುತ್ತಾನೆ. ಕಲ್ಲಿನ ಧೂಳಿಗೆ ಕೆಮ್ಮು ಹಿಡಿದಿದೆ. ಉಳಿದ ದಿನ ಗುಡ್ಡದ ಕಡೆ ಏನೋ ಕೆಲಸ. ಅದಿರಲಿ.

ಮೆಲಿ


ಮೆಕ್ಸಿಕೋ ನಗರ
19 ಮೇ 1997

ಅಕ್ಕ,

ನೊಹೆಮಿಗೆ ನನ್ನ ಮುತ್ತು. ಮಾತು ಕಡಿಮೆ ಇರುವ ಗಂಡ ಸಿಗುವುದು ಪುಣ್ಯ ಎಂದು ಹೇಳು.

ಆಡುಗಳ ಕ್ಷಮೆ ಕೇಳಿದೆ ಎಂದು ತಿಳಿಸು. ಈಗ ಇರುವೆಗಳ ಸರದಿ. ಈ ಕಾಗದದ ಜೊತೆ ಒಂದು ಚಿಟಿಕೆ ಬೀಜ ಇಟ್ಟಿದ್ದೇನೆ. ಕಪ್ಪಗೆ, ಹೊಳೆಯುತ್ತ, ಸಾಸಿವೆಯಷ್ಟಿವೆ. ಗುಡ್ಡದಲ್ಲಿ ಇರುವೆ ಗೂಡಿನ ಹತ್ತಿರ ಒಂದಷ್ಟು, ಪೊದೆಯ ನೆರಳಲ್ಲಿ ಒಂದಷ್ಟು ಉದುರಿಸಿ ಮರುದಿನ ನೋಡು. ಇರುವೆಗಳು ಎಲ್ಲವನ್ನೂ ಹೊತ್ತೊಯ್ದರೆ ಉತ್ತರ ಸಿಕ್ಕಿತು.

ಈ ಬೀಜದ ಒಂದು ಚಾಳಿ ನನಗೆ ಬಹಳ ಇಷ್ಟ. ಕತ್ತಲಲ್ಲಿ ಎಷ್ಟು ನೀರು ಹಾಕಿದರೂ ಏಳುವುದಿಲ್ಲ. ಬೆಳಕು ಬೀಳಬೇಕು. ವರ್ಷಗಟ್ಟಲೆ ಕಾಯುತ್ತದೆ, ಬೆಳಕು ಬಿದ್ದು ತೇವ ಸಿಕ್ಕಿದ ವಾರದಲ್ಲಿ ಕಣ್ಣು ಬಿಡುತ್ತದೆ. ನೀನು ನನ್ನನ್ನು ಶಾಲೆಗೆ ಎಬ್ಬಿಸಲು ಕಿಟಕಿ ತೆರೆಯುತ್ತಿದ್ದದ್ದು ನೆನಪಾಗುತ್ತದೆ.

ದಿಂಬು ಇನ್ನೂ ಮಾತಾಡುತ್ತದೆ. ಮಗ್ಗುಲು ಬದಲಿಸಿದರೆ ಸರಸರ ಎನ್ನುತ್ತದೆ. ಅಜ್ಜಂದಿರು ಪಿಸುಗುಟ್ಟುವುದು ಎಂದು ಅಮ್ಮ ಹೇಳುತ್ತಿದ್ದಳಲ್ಲ. ನನ್ನ ಕೋಣೆಯಲ್ಲಿರುವ ಹುಡುಗಿ ಒಳಗೆ ಇಲಿ ಇದೆ ಎನ್ನುತ್ತಾಳೆ.

ಎವೇಲಿಯೋಗೆ ಗುಡ್ಡದ ಕಡೆ ಏನು ಕೆಲಸ?

ಒಬ್ದೂಲಿಯಾ


ಸಾನ್ ಎಲಿಯಾಸ್
22 ಜೂನ್ 1997

ಒಬ್ದೂಲಿಯಾ,

ಇರುವೆಗಳು ಒಂದಷ್ಟು ಹೊತ್ತವು, ಬಹಳಷ್ಟನ್ನು ಬಿಟ್ಟವು. ಪೊದೆಯ ಕೆಳಗಿನವು ಹಾಗೇ ಇದ್ದವು. ಅಷ್ಟರಲ್ಲಿ ಮೊದಲ ಮಳೆ ಬಂತು, ಎಲ್ಲವೂ ಕೊಚ್ಚಿಹೋಯಿತು. ನಾನೇ ಕೊಡೆ ಹಿಡಿದು ಕಾಯಬೇಕಿತ್ತೇನೋ. ನಿಜ ಹೇಳಲೇ? ನಿನ್ನ ಹುಚ್ಚು ನನಗೂ ಹತ್ತಿದೆ. ರೊಟ್ಟಿ ತಟ್ಟುವಾಗಲೂ ಆ ಬೀಜ ಎಲ್ಲಿ ಹೋಗುತ್ತದೆ ಎಂದೇ ಯೋಚನೆ.

ನೊಹೆಮಿಯ ಮದುವೆಯ ದಿಂಬಿಗೆ ಅಜ್ಜಂದಿರ ತಲೆ ಬಾಚಿ ಉಣ್ಣೆ ತಂದೆವು. ಎಉಫ್ರೋಸಿನಾ, ಅವಳ ಸೊಸೆಯರು, ಬೀಗರ ಕಡೆಯ ಹೆಂಗಸರು, ಎಲ್ಲರೂ ಬಾಚಣಿಗೆ ಹಿಡಿದು ಹತ್ತಿದೆವು. ಪ್ರತಿ ಅಜ್ಜನಿಗೂ ಮೊದಲು ಒಂದು ಹನಿ ಮೆಸ್ಕಾಲ್ ಸಾರಾಯಿ. ಎಉಫ್ರೋಸಿನಾ ಅಜ್ಜನಿಗೊಂದು ಹನಿ, ತನಗೊಂದು ಗುಟುಕು ಎಂದು ಲೆಕ್ಕ ಇಟ್ಟಳು. ಇಳಿಯುವಾಗ ಅವಳನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಈ ಸಲ ಊರಲ್ಲಿ ಮದುವೆಗಳು ಹೆಚ್ಚು, ಹಾಗಾಗಿ ಗುಡ್ಡದ ಕೆಳಗಿನ ಅಜ್ಜಂದಿರೆಲ್ಲ ಬೋಳುತಲೆ. ನಾವು ಮೇಲಿನವರೆಗೂ ಹೋಗಬೇಕಾಯಿತು. ಉಣ್ಣೆ ಮೆತ್ತಗಿದೆ. ಅಮ್ಮನ ದಿಂಬಿನಷ್ಟೇ ಚೆನ್ನಾಗಿ ಆಗುತ್ತದೆ.

ಎವೇಲಿಯೋನ ವಿಷಯ ಕೇಳಬೇಡ. ಅವನ ಕೆಮ್ಮು ನಿನಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ.

ಮೆಲಿ


ಮೆಕ್ಸಿಕೋ ನಗರ
15 ಜುಲೈ 1997

ಅಕ್ಕ,

ಇದನ್ನು ಹೇಗೆ ಕೇಳುವುದೆಂದು ತಿಳಿಯದೆ ನೇರವಾಗಿ ಕೇಳುತ್ತಿದ್ದೇನೆ.

ಇಲ್ಲಿನ ಸಂತೆಯಲ್ಲಿ ಬಿಸ್ನಾಗಾದ ತಿರುಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿದ ಮಿಠಾಯಿಯನ್ನು ರಾಶಿ ಹಾಕಿ ಮಾರುತ್ತಾರೆ. ಅಷ್ಟು ಮಿಠಾಯಿಗೆ ಎಷ್ಟು ಅಜ್ಜಂದಿರನ್ನು ಕಡಿದಿರಬೇಕು ಎಂದು ನೋಡುತ್ತ ನಿಂತೆ. ಆಗ ನಿನ್ನ ಕಾಗದಗಳು ನೆನಪಾದವು. ಎವೇಲಿಯೋ ಕಲ್ಲಿನ ಕೆಲಸ ಬಹುಮಟ್ಟಿಗೆ ಬಿಟ್ಟಿದ್ದಾನೆ. ಗುಡ್ಡದ ಕಡೆ ಏನೋ ಕೆಲಸ. ಕೇಳಬೇಡ ಎನ್ನುತ್ತೀಯ.

ಎವೇಲಿಯೋ ಅಜ್ಜಂದಿರನ್ನು ಕಡಿದು ಮಿಠಾಯಿಯವರಿಗೆ ಕೊಡುತ್ತಿದ್ದಾನೆಯೇ? ಮರಿಗಳನ್ನೂ ಅವರೇ ಕಿತ್ತರೇ? ಹೌದಾದರೆ ಹೇಳಿಬಿಡು. ಸುಮ್ಮನೆ ಆಡು, ಇರುವೆ ಎಂದು ನನ್ನನ್ನು ಕುಣಿಸಬೇಡ.

ಒಬ್ದೂಲಿಯಾ


ಮೆಕ್ಸಿಕೋ ನಗರ
30 ಆಗಸ್ಟ್ 1997

ಅಕ್ಕ,

ಉತ್ತರವಿಲ್ಲ. ಅಂಚೆ ತಪ್ಪಿತೇ, ನಾನೇ ತಪ್ಪಿದೆನೇ? ಒಂದು ಸಾಲು ಬರೆ. ಬೈದಾದರೂ ಬರೆ.

ಒಬ್ದೂಲಿಯಾ


ಸಾನ್ ಎಲಿಯಾಸ್
21 ಸೆಪ್ಟೆಂಬರ್ 1997

ಒಬ್ದೂಲಿಯಾ,

ಅಂಚೆ ತಪ್ಪಲಿಲ್ಲ.

ನಿನ್ನ ಕಾಗದವನ್ನು ಎವೇಲಿಯೋ ಓದಿದ. ಓದಿ ಮಡಿಸಿ ನನ್ನ ಕೈಗೆ ಕೊಟ್ಟ, ಊಟ ಮಾಡಲಿಲ್ಲ. ನಿನ್ನ ಮೊದಲ ವರ್ಷದ ಫೀಜಿಗೆ ತನ್ನ ಹೇಸರಗತ್ತೆ ಮಾರಿದವನು ಅವನು. ಅವನು ಒಂದೇ ಒಂದು ಅಜ್ಜನಿಗೂ ಕೊಡಲಿ ಹಾಕಿಲ್ಲ.

ಮುಚ್ಚಿಟ್ಟದ್ದು ನಾನು, ಅದು ನಿಜ. ಕೇಳು. ಸುಣ್ಣದ ಕಲ್ಲು ತೆಗೆಯುವ ಕಂಪನಿಯೊಂದು ಅಜ್ಜಂದಿರ ಗುಡ್ಡವನ್ನು ಕೇಳುತ್ತಿದೆ. ಗುಡ್ಡ ಊರಿನ ಸಾಮೂಹಿಕ ಆಸ್ತಿ, ಸಭೆ ಒಪ್ಪಿದರೆ ಅವರದು. ಎವೇಲಿಯೋ ಅವರಿಗೆ ಗಡಿಯ ಗೂಟ ಹೊಡೆದುಕೊಡುತ್ತಿದ್ದಾನೆ. ಗುಡ್ಡ ಸಿಕ್ಕರೆ ಅವನಿಗೆ ಕಾವಲಿನ ಕೆಲಸ ಕೊಡುತ್ತಾರಂತೆ, ಧೂಳಿನಿಂದ ದೂರ, ಕುರ್ಚಿಯ ಮೇಲೆ. ನನಗೆ ಗುಡ್ಡವೂ ಬೇಕು, ಗಂಡನೂ ಬೇಕು. ನಿನಗೆ ಏನೆಂದು ಬರೆಯಲಿ?

ಅವರ ಇಂಜಿನಿಯರು ಚೌಕದಲ್ಲಿ ನಿಂತು ಎಲ್ಲರೆದುರು ಹೇಳಿದ: "ಮೊಮ್ಮಕ್ಕಳೇ ಇಲ್ಲದ ಅಜ್ಜಂದಿರು ಸ್ವಾಮೀ ಇವರು. ಇವತ್ತಲ್ಲ ನಾಳೆ ಸಾಯೋರೇ. ಒಂದು ಮರಿ ತೋರಿಸಿ, ನಾನೇ ಗಂಟುಮೂಟೆ ಕಟ್ತೀನಿ." ತೋರಿಸಲು ಏನಿದೆ?

ಜನವರಿಯ ಸಭೆಯಲ್ಲಿ ತೀರ್ಮಾನ.

ಮೆಲಿ


ಮೆಕ್ಸಿಕೋ ನಗರ
12 ಅಕ್ಟೋಬರ್ 1997

ಅಕ್ಕ, ಭಾವ,

ಈ ಕಾಗದ ಇಬ್ಬರಿಗೂ. ಭಾವ, ನನ್ನದು ತಪ್ಪಾಯಿತು. ಮುಖ ನೋಡಿ ಕೇಳುವವರೆಗೆ ಇಷ್ಟು ಸಾಲದು ಎಂದು ಗೊತ್ತು.

ಈಗ ಕುಳಿತುಕೊಂಡು ಓದಿ. ಸಿಕ್ಕಿತು.

ನಿನ್ನ ಕಾಗದ ಬಂದ ವಾರದ ಭಾನುವಾರ ದಿಂಬಿನ ಚೀಲ ಒಗೆಯಲು ಕೂತೆ. ಹೊಲಿಗೆ ಬಿಟ್ಟಿತ್ತು. ಕೊಡವಿದಾಗ ಮೇಜಿನ ಮೇಲೆ ಕಪ್ಪನೆಯದೇನೋ ಸುರಿಯಿತು. ಹೊಳೆಯುತ್ತಿತ್ತು, ಸಾಸಿವೆಯಷ್ಟಿತ್ತು. ದಿನಾ ಇಕ್ಕಳದಲ್ಲಿ ಒಂದೊಂದಾಗಿ ಎತ್ತಿ ಕೆಲಸ ಮಾಡುವವಳಿಗೆ ಗುರುತು ಹಿಡಿಯಲು ಎಷ್ಟು ಹೊತ್ತು?

ಕಾಯಿ ಉಣ್ಣೆಯಲ್ಲಿ ಹೂತುಕೊಂಡಿರುತ್ತದೆ ಎಂದು ನೀನೇ ಬರೆದಿದ್ದೆ. ಉಣ್ಣೆಯನ್ನು ಬಾಚಿ ತರುವವರು ನಾವು. ಆಚೆ ಗುಡ್ಡದ ಊರಿನವರು ಹತ್ತಿಯ ದಿಂಬಿಟ್ಟು ಮಲಗುತ್ತಾರೆ, ಅವರ ಗುಡ್ಡದಲ್ಲಿ ಮರಿಗಳಿವೆ. ನಮ್ಮೂರಲ್ಲಿ ಮದುವೆಗೊಂದು, ಊರು ಬಿಡುವವರಿಗೊಂದು, ಬಾಣಂತಿಗೊಂದು. ಗುಡ್ಡದ ಮಕ್ಕಳೆಲ್ಲ ನಮ್ಮ ತಲೆಯಡಿ ಇದ್ದಾರೆ ಅಕ್ಕ. ನಾನು ಈ ಪ್ರಶ್ನೆಯ ಉತ್ತರದ ಮೇಲೆಯೇ ತಲೆಯಿಟ್ಟು ಮಲಗಿ, ಬೆಳಿಗ್ಗೆ ಎದ್ದು ಅದನ್ನು ಊರೆಲ್ಲ ಹುಡುಕುತ್ತಿದ್ದೆ.

ಆ ಬೀಜಗಳನ್ನು ಒದ್ದೆ ಮಣ್ಣಿನ ಮೇಲಿಟ್ಟು ಬೆಳಕಿಗೆ ಹಿಡಿದೆ. ಒಂಬತ್ತು ವರ್ಷ ದಿಂಬಿನ ಕತ್ತಲಲ್ಲಿದ್ದಂಥವು ವಾರ ತುಂಬುವುದರೊಳಗೆ ಹಸಿರಾದವು. ಎಲ್ಲವೂ ಅಲ್ಲ, ಕೆಲವು. ನನ್ನ ಪ್ರೊಫೆಸರರನ್ನು ಕೈಹಿಡಿದು ಎಳೆದು ತಂದು ತೋರಿಸಿದೆ.

ಎರಡು ಕೋರಿಕೆ. ನೊಹೆಮಿಯ ದಿಂಬನ್ನು ಹೊಲಿಯಬೇಡ. ಅಮ್ಮನ ದಿಂಬನ್ನು ನನಗೆ ಕಳಿಸು. ಎಷ್ಟು ಹಳೆಯ ಬೀಜ ಬದುಕಿರುತ್ತದೆ ಎಂದು ನೋಡಬೇಕು.

ಒಬ್ದೂಲಿಯಾ


ಸಾನ್ ಎಲಿಯಾಸ್
2 ನವೆಂಬರ್ 1997

ಒಬ್ದೂಲಿಯಾ,

ಇಂದು ಸತ್ತವರ ಹಬ್ಬ. ಅಮ್ಮನ ಪಟದ ಮುಂದೆ ಹಳದಿ ಹೂ, ರೊಟ್ಟಿ, ಉಪ್ಪು ಇಟ್ಟು ಬಂದು ಬರೆಯುತ್ತಿದ್ದೇನೆ.

ಹಿಟ್ಟಿನ ಗಿರಣಿಯಲ್ಲಿ ಹೆಂಗಸರಿಗೆ ನಿನ್ನ ಕಾಗದ ಓದಿ ಹೇಳಿದೆ. ಮೊದಲು ನಕ್ಕರು. ಆಮೇಲೆ ಎಉಫ್ರೋಸಿನಾ ಹೇಳಿದಳು: "ಅಂದ್ರೆ ಆಡು ನಾವೇ ಅಂತಾಯ್ತು. ನಮ್ಮಜ್ಜಿ, ಮುತ್ತಜ್ಜಿ ಎಲ್ಲ ಕಳ್ಳರು. ಪಟ್ಟಣದಲ್ಲಿ ಕೂತು ಹೇಳೋಕೆ ಏನ್ ಕಷ್ಟ ಅವಳಿಗೆ?" ನನಗೂ ಹಾಗೇ ಅನಿಸಿತ್ತು.

ನೊಹೆಮಿಯ ದಿಂಬು ಹೊಲಿದು ಆಗಿದೆ. ಮೂಲೆಗೆ ಅವಳೇ ಹೂವಿನ ಕಸೂತಿ ಹಾಕಿದ್ದಾಳೆ. ಅದನ್ನು ಬಿಚ್ಚು ಎಂದು ನಾನು ಹೇಳುವುದಿಲ್ಲ.

ಅಮ್ಮನ ದಿಂಬು ಕಳಿಸುವುದಿಲ್ಲ. ಅವಳ ತಲೆಯ ಕುಳಿ ಅದರಲ್ಲಿ ಇನ್ನೂ ಇದೆ. ಮೂಗು ಒತ್ತಿದರೆ ಅವಳ ಎಣ್ಣೆಯ ವಾಸನೆ ಬರುತ್ತದೆ, ಬರುತ್ತದೆ ಎಂದು ನಾನಂದುಕೊಂಡಿದ್ದೇನೆ. ನೀನು ಅದನ್ನು ಕತ್ತರಿಸಿ ಬೀಜ ಹೆಕ್ಕುತ್ತೀಯ. ಕೇಳುವ ಮೊದಲು ನಿನಗೆ ಒಂದು ಸಲವಾದರೂ ಕೈ ನಡುಗಲಿಲ್ಲವೇ?

ಮದುವೆಗೆ ಬಾ. ಬೀಜದ ಮಾತು ಬೇಡ.

ಮೆಲಿ


ಮೆಕ್ಸಿಕೋ ನಗರ
3 ಡಿಸೆಂಬರ್ 1997

ಅಕ್ಕ,

ಮದುವೆಯಲ್ಲಿ ನೀನು ಹೇಳಿದಂತೆ ಬೀಜದ ಮಾತೆತ್ತಲಿಲ್ಲ. ಭಾವ ನನ್ನ ಜೊತೆ ಕುಣಿದ, ಕೆಮ್ಮು ಬಂದು ಗೋಡೆಗೆ ಒರಗಿದ. ಅಂಗಳದಲ್ಲಿ ನಿಂತು ಅವನ ಬೆನ್ನು ನೀವಿದೆ. ಆ ಕುರ್ಚಿಯ ಕೆಲಸ ಅವನಿಗೆ ಯಾಕೆ ಬೇಕು ಎಂದು ಆಗ ತಿಳಿಯಿತು. ಇಲ್ಲಿ ಕೂತು ಬರೆಯುವಾಗ ತಿಳಿದಿರಲಿಲ್ಲ.

ನೀನು ನನ್ನ ಹಾಸಿಗೆಗೆ ಅಮ್ಮನ ದಿಂಬನ್ನು ಹಾಕಿದ್ದೆ. ರಾತ್ರಿ ಅದಕ್ಕೇ ಕಿವಿ ಒತ್ತಿ ಮಲಗಿದೆ. ಅದೂ ಪಿಸುಗುಟ್ಟುತ್ತದೆ. ಇನ್ನು ಆ ದಿಂಬನ್ನು ನಾನು ಕೇಳುವುದಿಲ್ಲ. ಕೈ ನಡುಗಲಿಲ್ಲವೇ ಎಂದು ಕೇಳಿದ್ದೆ. ಆಗ ನಡುಗಲಿಲ್ಲ, ಅದೇ ನನ್ನ ತಪ್ಪು.

ಬಸ್ಸಿನ ಡ್ರೈವರ್ ಪೋರ್ಫಿರಿಯೋನ ಕೈಯಲ್ಲಿ ಒಂದು ಗಾಜಿನ ಡಬ್ಬಿ ಕಳಿಸಿದ್ದೇನೆ. ನನ್ನ ದಿಂಬಿನಲ್ಲಿದ್ದವು ಇವು. ಹಸಿರು ಮಣಿಗಳಂತಿವೆ, ತಲೆಯಲ್ಲಿ ಬಿಳಿ ಕೂದಲು ಈಗಲೇ ಮೂಡುತ್ತಿದೆ. ಭೂತಗನ್ನಡಿಯಲ್ಲಿ ನೋಡು, ಹುಟ್ಟುವಾಗಲೇ ಅಜ್ಜಂದಿರು. ವಾರಕ್ಕೊಮ್ಮೆ ಚಮಚದಲ್ಲಿ ನೀರು, ತೆಳು ನೆರಳು, ಅಷ್ಟೇ.

ಊರು ಬಿಟ್ಟವಳಿಗೆ ಸಭೆಯಲ್ಲಿ ಮಾತಿಲ್ಲ. ಅಮ್ಮನ ಹಕ್ಕು ಬಂದಿರುವುದು ನಿನಗೆ. ಏನು ಹೇಳಬೇಕೆಂದು ನಾನು ಬರೆದು ಕಳಿಸುವುದಿಲ್ಲ. ನೀನು ಏನು ಹೇಳಿದರೂ ನನಗೆ ಒಪ್ಪಿಗೆ.

ಒಬ್ದೂಲಿಯಾ


ಸಾನ್ ಎಲಿಯಾಸ್
19 ಜನವರಿ 1998

ತಂಗಿ,

ನಿನ್ನೆ ಸಭೆ ನಡೆಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಇಂಜಿನಿಯರು ಮತ್ತೆ ಮೊಮ್ಮಕ್ಕಳ ಮಾತೆತ್ತಿದ. ನಾನು ಎದ್ದು ನಿನ್ನ ಡಬ್ಬಿಯನ್ನು ಅಧ್ಯಕ್ಷ ದೊನ್ ವುಲ್ಫ್ರಾನೋನ ಮುಂದೆ ಇಟ್ಟೆ. ಅವನು ಕನ್ನಡಕ ಹುಡುಕಿ ಹಾಕಿಕೊಂಡ.

"ಏನಮ್ಮಾ ಇದು, ಬಟಾಣಿನಾ?"

"ಮೊಮ್ಮಕ್ಕಳು. ನನ್ನ ತಂಗಿ ದಿಂಬಿನಲ್ಲಿದ್ರು."

ಇಂಜಿನಿಯರು ನಕ್ಕ. "ಡಬ್ಬೀಲಿ ಬೆಳೆಸೋದು ಯಾರಿಗೆ ಬರಲ್ಲ ಸೆನ್ಯೋರಾ? ಇದು ನಿಮ್ಮ ಗುಡ್ಡದ್ದೇ ಅಂತ ಏನ್ ಗ್ಯಾರಂಟಿ?"

ಚೀಲದಲ್ಲಿ ಅಮ್ಮನ ದಿಂಬಿತ್ತು. ಯಾಕೆ ಒಯ್ದಿದ್ದೆ ಎಂದು ಮನೆಯಿಂದ ಹೊರಡುವಾಗಲೂ ನನಗೆ ಖಚಿತವಿರಲಿಲ್ಲ. ಧೈರ್ಯಕ್ಕಿರಲಿ ಎಂದುಕೊಂಡಿದ್ದೆ. ಅದನ್ನು ಮೇಜಿನ ಮೇಲಿಟ್ಟೆ. ಕತ್ತರಿ ಹಿಡಿದ ಕೈ ನಡುಗಿತು, ಒಬ್ದೂಲಿಯಾ, ಚೆನ್ನಾಗಿಯೇ ನಡುಗಿತು. ಹೊಲಿಗೆ ಬಿಚ್ಚಿ ಕೊಡವಿದೆ. ಕಪ್ಪು ಬೀಜ ಮೇಜಿನ ತುಂಬ ಹರಡಿ ಅಂಚಿನಿಂದ ಕೆಳಗೆ ಉದುರಿತು. ಸಭೆಯಲ್ಲಿ ಆ ಸದ್ದು ಗೊತ್ತಿಲ್ಲದವನು ಆ ಇಂಜಿನಿಯರೊಬ್ಬನೇ. ನಾವೆಲ್ಲ ಅದನ್ನು ಕೇಳುತ್ತಲೇ ಹುಟ್ಟಿದವರು.

ಎಉಫ್ರೋಸಿನಾ ನಿಂತಳು. ಅವಳು ಇಂಜಿನಿಯರನ ಕಡೆ ತಿರುಗಿ ಹೇಳಿದಳು: "ತೊಗೊಂಡೋರು ನಾವು ಕಣಪ್ಪ. ತೊಗೊಂಡೋರಿಗೆ ಹಿಂದಕ್ಕೆ ಕೊಡೋಕೂ ಬರುತ್ತೆ. ನನ್ನ ಮನೇಲಿ ಏಳು ದಿಂಬಿವೆ, ಮುದುಕನದ್ದೂ ಸೇರಿ. ಅವನು ಮಲಗಿದ್ರೆ ಎಬ್ಬಿಸಿ ಕಿತ್ಕೋತೀನಿ."

ಆಮೇಲೆ ನೊಹೆಮಿ ತನ್ನ ದಿಂಬನ್ನು ತಂದಳು, ಕಸೂತಿ ಹಾಕಿದ್ದು. ನಾನು ಹೇಳಿರಲಿಲ್ಲ. ಉಬಾಲ್ದೋ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಸಭೆ ಗುಡ್ಡವನ್ನು ಕೊಡಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಒಂದು ಮಳೆಗಾಲ ಗಡುವು. ಅಷ್ಟರಲ್ಲಿ ಗುಡ್ಡದ ಮಣ್ಣಿನಲ್ಲಿ ಮರಿ ಕಂಡರೆ ಕಂಪನಿಗೆ ಗುಡ್ಡವಿಲ್ಲ, ಕಾಣದಿದ್ದರೆ ಅವರದು. ಅಲ್ಲಿಯವರೆಗೆ ಯಾರೂ ಬಾಚುವಂತಿಲ್ಲ.

ಎವೇಲಿಯೋ ಕಂಪನಿಯ ಪರ ಕೈ ಎತ್ತಿದ. ನನ್ನ ಪಕ್ಕದಲ್ಲೇ ಕೂತು ಎತ್ತಿದ. ಮನೆಗೆ ಜೊತೆಯಲ್ಲೇ ನಡೆದು ಬಂದೆವು. ಅವನ ಮೇಲೆ ನನಗೆ ಸಿಟ್ಟಿಲ್ಲ, ಹಾಗೆಂದು ಸಮಾಧಾನವೂ ಇಲ್ಲ.

ಮೆಲಿ


ಮೆಕ್ಸಿಕೋ ನಗರ
10 ಫೆಬ್ರವರಿ 1998

ಅಕ್ಕ,

ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಓದಿ ಅತ್ತೆ. ಯಾರೋ ನೀರು ತಂದುಕೊಟ್ಟರು.

ಮಳೆಗೆ ಮುಂಚೆ ಉದುರಿಸಬೇಡಿ, ಇರುವೆಗಳ ಪಾಲಾಗುತ್ತದೆ. ಮೊದಲ ಮಳೆ ಬಿದ್ದ ಮೇಲೆ ಪೊದೆಗಳ ಬುಡದಲ್ಲಿ, ಕಲ್ಲಿನ ಮಗ್ಗುಲಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಕಡೆ ಉದುರಿಸಿ. ಹೂಳಬೇಡಿ, ಬೆಳಕು ಬೇಕು. ಅಮ್ಮನ ದಿಂಬಿನ ಬೀಜ ಬಹಳ ಹಳೆಯದು, ಅದರ ಮೇಲೆ ಆಸೆ ಇಡಬೇಡ. ನೊಹೆಮಿಯದ್ದು ಹೊಸದು.

ಎಷ್ಟು ಉಳಿಯುತ್ತವೆ ಎಂದು ಕೇಳಬೇಡ. ನನಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲದ್ದರಲ್ಲೆಲ್ಲ ಅತಿ ಹೆಚ್ಚು ತಿಳಿಯಬೇಕೆನಿಸುವುದು ಇದೇ.

ಒಬ್ದೂಲಿಯಾ


ಸಾನ್ ಎಲಿಯಾಸ್
4 ಅಕ್ಟೋಬರ್ 1998

ತಂಗಿ,

ಜೂನಿನಲ್ಲಿ ಇಡೀ ಊರು ದಿಂಬು ಹೊತ್ತು ಗುಡ್ಡ ಹತ್ತಿದ್ದನ್ನು ಬರೆದಿದ್ದೆ. ಆಮೇಲೆ ಬರೆಯಲು ಏನೂ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಪ್ರತಿ ವಾರ ಹೋಗಿ ಪೊದೆಗಳ ಬುಡ ಹುಡುಕಿದೆವು. ಮಳೆ ಜೋರಾಗಿತ್ತು, ಬಹಳಷ್ಟು ಕೊಚ್ಚಿಹೋಯಿತು. ಒಂದೂ ಕಾಣಲಿಲ್ಲ. ಎಉಫ್ರೋಸಿನಾ ಅಜ್ಜಂದಿರಿಗೆ ಬೈಯಲು ಶುರು ಮಾಡಿದ್ದಳು.

ಗಡುವಿನ ದಿನ ಹತ್ತಿರ ಬಂತು. ಬೇಸಾಯವಿಲ್ಲದವರೆಲ್ಲ ಕಂಪನಿಯ ಕೆಲಸದ ಮಾತಾಡತೊಡಗಿದರು. ಮೊನ್ನೆ ಎವೇಲಿಯೋ ಗುಡ್ಡಕ್ಕೆ ಹೋದ, ಮಳೆಗೆ ಸಡಿಲವಾದ ಗೂಟಗಳನ್ನು ಮತ್ತೆ ಬಿಗಿಯಾಗಿ ಹೊಡೆದು ಬಾ ಎಂದು ಕಂಪನಿಯವರು ಕಳಿಸಿದ್ದರು. ಮಧ್ಯಾಹ್ನವೇ ವಾಪಸು ಬಂದ. ಬಾಗಿಲಲ್ಲಿ ನಿಂತು ಕೆಮ್ಮಿದ.

"ಏನಾಯ್ತು?" ಎಂದೆ.

"ಬಾ."

"ರೊಟ್ಟಿ ಒಲೆ ಮೇಲಿದೆ."

"ಸುಟ್ಟೋಗ್ಲಿ, ಬಾ."

ದಾರಿಯುದ್ದಕ್ಕೂ ಅವನ ಹಿಂದೆ ಹತ್ತಿದೆ. ಮೇಲಿನ ಅಂಚಿನಲ್ಲಿ, ನೊಹೆಮಿ ತನ್ನ ದಿಂಬು ಬಿಚ್ಚಿದ್ದ ಕಡೆ, ಅವನು ಹೊಡೆದ ಕೆಂಪು ಬಣ್ಣದ ಗೂಟವಿತ್ತು. ಅದರ ನೆರಳು ಬೀಳುವ ಕಡೆ, ಬುಡಕ್ಕೆ ಒತ್ತಿಕೊಂಡು, ಕೊತ್ತಂಬರಿ ಕಾಳಿನಷ್ಟು ಹಸಿರು. ಪಕ್ಕದಲ್ಲಿ ಇನ್ನೊಂದು. ನಾನು ಮಣ್ಣಿಗೆ ಕೆನ್ನೆ ತಾಗಿಸಿ ನೋಡಿದೆ. ತಲೆಯಲ್ಲಿ ಬಿಳಿ ಕೂದಲು.

"ಸುತ್ತಿಗೆ ಎತ್ತಿದ್ದೆ ಮೆಲಿ," ಎಂದ. "ಇನ್ನೊಂದು ಏಟು ಹಾಕಿದ್ರೆ ಮಣ್ಣೊಳಗೆ ಹೋಗ್ತಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಅವನು ಅಳುತ್ತಿದ್ದ. ಕುರ್ಚಿಯ ಕೆಲಸ ಹೋಯಿತು ಎಂದೋ, ಸುತ್ತಿಗೆ ನಿಂತಿತು ಎಂದೋ ನಾನು ಕೇಳಲಿಲ್ಲ.

ದೊನ್ ವುಲ್ಫ್ರಾನೋನನ್ನು ಕರೆದುಕೊಂಡು ಬಂದವನೂ ಅವನೇ. ಇಂದು ಸಭೆ ಮುಗಿಯಿತು, ಕಂಪನಿಗೆ ಗುಡ್ಡವಿಲ್ಲ. ಎವೇಲಿಯೋಗೆ ಏನಾದರೂ ಕೆಲಸ ಹುಡುಕಬೇಕು, ಧೂಳಿಲ್ಲದ್ದು. ನಿನ್ನ ಪ್ರೊಫೆಸರರಿಗೆ ಗುಡ್ಡ ಕಾಯುವವರು ಬೇಕೇ ಎಂದು ಕೇಳಿ ನೋಡು. ಕುರ್ಚಿಯನ್ನು ನಾವೇ ಕೊಡುತ್ತೇವೆ.

ಸಂಜೆ ಅವನು ಹೋಗಿ ಗೂಟಗಳನ್ನೆಲ್ಲ ಕಿತ್ತು ತಂದು ಒಲೆಯ ಪಕ್ಕ ರಾಶಿ ಹಾಕಿದ್ದಾನೆ. ಅದೊಂದನ್ನು ಬಿಟ್ಟು ಬಂದಿದ್ದಾನೆ. ಅದನ್ನು ಕಿತ್ತರೆ ಮರಿಗಳಿಗೆ ಬಿಸಿಲು ಬೀಳುತ್ತದಂತೆ.

ಮೆಲಿ